ನ್ಯಾನೊ ಜಾಡು ಹಿಡಿಯುವುದು ಹೇಗೆ?

2006ರಲ್ಲಿ ಜರ್ಮನಿಯ ಅಂಗಡಿಗಳಿಗೆ ಗಾಜು, ಟೈಲ್ಸ್‌ ಮೇಲೆ ಹೊಡೆಯುವ ಸ್ಪ್ರೇಯೊಂದು ಬಂತು. ಹೆಸರಿನಲ್ಲೇ ನ್ಯಾನೊ ಇತ್ತು. ಕೆಲವೇ ದಿನಗಳಲ್ಲಿ ನೂರರ ಹತ್ತಿರ ಜನ ಕೆಮ್ಮು, ಉಸಿರಾಟದ ತೊಂದರೆ ಎಂದು ದೂರಿದರು. ಮಾಲನ್ನು ವಾಪಸ್ ತರಿಸಿಕೊಳ್ಳಲಾಯಿತು. ನ್ಯಾನೊ ಎಂದರೆ ಅಪಾಯ ಎಂಬ ಸುದ್ದಿ ದೇಶ ದಾಟಿ ಹರಡಿತು. ಆಮೇಲೆ ಪರೀಕ್ಷೆ ಮಾಡಿದರೆ ಡಬ್ಬಿಯಲ್ಲಿ ನ್ಯಾನೊ ಕಣವೇ ಇರಲಿಲ್ಲ! ಸ್ಪ್ರೇ ಒಣಗಿದ ಮೇಲೆ ಉಳಿಯುವ ಪದರ ಬಹಳ ತೆಳು ಎಂಬ ಕಾರಣಕ್ಕೆ ಆ ಹೆಸರು.

ಇನ್ನೊಂದು ಕಡೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಇದೆ. ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಎಂಆರ್‌ಎನ್‌ಎಯನ್ನು ಜೀವಕೋಶದೊಳಗೆ ಹೊತ್ತೊಯ್ದದ್ದು ಸುಮಾರು 100 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಗಾತ್ರದ ಕೊಬ್ಬಿನ ಕಣ. ಕೋಟ್ಯಂತರ ಜನರ ತೋಳಿಗಿಳಿದ ಅದನ್ನು ನ್ಯಾನೊ ಲಸಿಕೆ ಎಂದು ಕರೆದವರು ಎಷ್ಟು ಮಂದಿ?

ನ್ಯಾನೊ ಸಂಶೋಧನೆ ಎತ್ತ ಹೊರಟಿದೆ, ಅದರಲ್ಲಿ ಯಾವುದು ಮಾರುಕಟ್ಟೆ ಮುಟ್ಟುತ್ತಿದೆ ಎಂದು ಗಮನಿಸಹೊರಟ ವಿದ್ಯಾರ್ಥಿ, ಪತ್ರಕರ್ತ, ಹೂಡಿಕೆದಾರ ಎಲ್ಲರೂ ಎಡವುವುದು ಇಲ್ಲೇ. ಪದದ ಬೆನ್ನು ಹತ್ತುತ್ತಾರೆ, ಕಣ ಕೈತಪ್ಪುತ್ತದೆ. ತಂತ್ರಜ್ಞಾನ ಗೆದ್ದ ಮೇಲೆ ಅದರ ಮೇಲಿದ್ದ ನ್ಯಾನೊ ಹಣೆಪಟ್ಟಿ ತಾನಾಗಿ ಉದುರಿಹೋಗುತ್ತದೆ. ಹಾಗಾಗಿ ಕೆಲಸ ಶುರು ಮಾಡಬೇಕಾದ್ದು ಹೀಗೆ.

ಹೆಜ್ಜೆ 1: ಒಂದು ವಸ್ತು, ಒಂದು ಬಳಕೆ ಆರಿಸಿಕೊಳ್ಳಿ

1ರಿಂದ 100 ನ್ಯಾನೊಮೀಟರ್ ಅಳತೆಯೊಳಗಿನ ಲೋಕವೇ ನ್ಯಾನೊ. ತಲೆಗೂದಲಿನ ದಪ್ಪ ಸುಮಾರು 80,000ದಿಂದ 1 ಲಕ್ಷ ನ್ಯಾನೊಮೀಟರ್. ಈ ಅಳತೆಯಲ್ಲಿ ಔಷಧ, ಬಣ್ಣ, ಬ್ಯಾಟರಿ, ಪರದೆ, ಬಟ್ಟೆ ಎಲ್ಲವೂ ಬರುವುದರಿಂದ ‘ನ್ಯಾನೊ ಕ್ಷೇತ್ರದ ಟ್ರೆಂಡ್’ ಎಂದು ಹುಡುಕಿದರೆ ಸಿಗುವುದು ಕಲಸುಮೇಲೋಗರ. ಗ್ರ್ಯಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ) ಎಂದರೂ ವಿಷಯ ದೊಡ್ಡದಾಯಿತು. ‘ಬ್ಯಾಟರಿಯಲ್ಲಿ ಕಾರ್ಬನ್ ನ್ಯಾನೊಟ್ಯೂಬ್’, ‘ಟಿವಿ ಪರದೆಯಲ್ಲಿ ಕ್ವಾಂಟಮ್ ಡಾಟ್’ ಎಂಬಷ್ಟು ಕಿರಿದು ಮಾಡಿಕೊಳ್ಳಿ. ಮೊದಲನೆಯದು ಇಂಗಾಲದ ಅತಿ ತೆಳು ಕೊಳವೆ, ಎರಡನೆಯದು ಗಾತ್ರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಅರೆವಾಹಕ ಕಣ.

ಅಂದಹಾಗೆ, ಫೋನ್ ಜಾಹೀರಾತಿನ ‘3 ನ್ಯಾನೊಮೀಟರ್ ಚಿಪ್’ ನೋಡಿ ಮರುಳಾಗಬೇಡಿ. ಅದು ತಲೆಮಾರಿನ ಹೆಸರು ಅಷ್ಟೇ. ಆ ಚಿಪ್‌ನ ಟ್ರಾನ್ಸಿಸ್ಟರ್‌ನಲ್ಲಿ 3 ನ್ಯಾನೊಮೀಟರ್ ಉದ್ದದ ಗೇಟ್ (ವಿದ್ಯುತ್ತನ್ನು ತಡೆದು ಬಿಡುವ ಭಾಗ) ಹುಡುಕಿದರೆ ಸಿಗುವುದಿಲ್ಲ.

ಹೆಜ್ಜೆ 2: ಪ್ರಬಂಧಗಳನ್ನು ಎಣಿಸಿ, ಆದರೆ ಎಣಿಕೆಯನ್ನು ನಂಬಬೇಡಿ

ಸಂಶೋಧನಾ ಪ್ರಬಂಧ ಹುಡುಕುವ ತಾಣಗಳಲ್ಲಿ ವೆಬ್ ಆಫ್ ಸೈನ್ಸ್, ಸ್ಕೋಪಸ್‌ಗಳಿಗೆ ಚಂದಾ ಬೇಕು. ಓಪನ್ಅಲೆಕ್ಸ್, ಗೂಗಲ್ ಸ್ಕಾಲರ್, ಪಬ್‌ಮೆಡ್ ಉಚಿತ. ನಿಮ್ಮ ವಸ್ತುವಿನ ಹೆಸರು ಹಾಕಿ ವರ್ಷವಾರು ಸಂಖ್ಯೆ ತೆಗೆಯಿರಿ. ಗೆರೆ ಏರುತ್ತಲೇ ಇರುತ್ತದೆ. ಜಗತ್ತಿನಲ್ಲಿ ಒಟ್ಟು ಪ್ರಬಂಧಗಳೇ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಾಗ ಏರದೆ ಏನು ಮಾಡೀತು? ಒಟ್ಟು ಪ್ರಬಂಧಗಳಲ್ಲಿ ಅದರ ಪಾಲೆಷ್ಟು ಎಂದು ನೋಡಿದರೆ ನಿಜ ಗೊತ್ತಾಗುತ್ತದೆ.

ಸರ್ಕಾರದ ದುಡ್ಡಿನ ನೆರಳನ್ನೂ ಕಳೆಯಬೇಕು. ಅಮೆರಿಕ 2000ದಲ್ಲಿ ರಾಷ್ಟ್ರೀಯ ನ್ಯಾನೊ ತಂತ್ರಜ್ಞಾನ ಯೋಜನೆ ಘೋಷಿಸಿತು. ಯುರೋಪ್ 2013ರಲ್ಲಿ ಗ್ರ್ಯಾಫೀನ್‌ ಒಂದಕ್ಕೇ ಹತ್ತು ವರ್ಷಕ್ಕೆ 100 ಕೋಟಿ ಯೂರೊ ಯೋಜನೆ ಹಾಕಿಕೊಂಡಿತು. ಅನುದಾನ ಸುರಿದಲ್ಲಿ ಪ್ರಬಂಧ ಮೊಳೆಯುವುದು ಸಹಜ. ಅದನ್ನೇ ಮಾರುಕಟ್ಟೆಯ ಬೇಡಿಕೆ ಎಂದುಕೊಳ್ಳಬಾರದು. ಪ್ರಬಂಧಗಳ ಸಂಖ್ಯೆಯಲ್ಲಿ ಚೀನಾ ಈಗ ಎಲ್ಲರಿಗಿಂತ ಮುಂದಿದೆ. ಅದು ಗಮನಿಸಬೇಕಾದ ಸಂಗತಿಯೇ. ನಾನಾದರೂ ಮೊದಲು ನೋಡುವುದು ಲೇಖಕರ ವಿಳಾಸಗಳನ್ನು. ವಿಶ್ವವಿದ್ಯಾಲಯಗಳ ನಡುವೆ ಕಂಪನಿಗಳ ಹೆಸರು ಕಾಣತೊಡಗಿದರೆ ವಸ್ತು ಪ್ರಯೋಗಾಲಯದ ಹೊಸಿಲು ದಾಟುತ್ತಿದೆ ಎಂದರ್ಥ.

ಹೆಜ್ಜೆ 3: ಪೇಟೆಂಟ್ ಕಡತ ತೆರೆಯಿರಿ

ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಲೆನ್ಸ್, ಗೂಗಲ್ ಪೇಟೆಂಟ್ಸ್ ಎಂಬ ಪೇಟೆಂಟ್ ಹುಡುಕುವ ತಾಣಗಳೆಲ್ಲವೂ ಉಚಿತ. ನ್ಯಾನೊ ಪೇಟೆಂಟ್‌ಗಳಿಗೆ ಬಿ82ವೈ (B82Y) ಎಂಬ ವರ್ಗಸಂಕೇತವಿದೆ. ಯುರೋಪಿನ ಪೇಟೆಂಟ್ ಕಚೇರಿ ಮೊದಲು ವೈ01ಎನ್ ಎಂಬ ಗುರುತು ಹಾಕಿ ಇವನ್ನು ಬೇರ್ಪಡಿಸುತ್ತಿತ್ತು. ಅದೇ ಆಮೇಲೆ ಈ ರೂಪಕ್ಕೆ ಬಂತು. ಸಂಕೇತವೊಂದನ್ನೇ ನೆಚ್ಚಬೇಡಿ, ಜೊತೆಗೆ ವಸ್ತುವಿನ ಹೆಸರು, ಅದರ ಅಡ್ಡಹೆಸರುಗಳನ್ನೂ ಹಾಕಿ ಹುಡುಕಿ.

ಎರಡು ಸಂಗತಿ ಮರೆಯುವಂತಿಲ್ಲ. ಅರ್ಜಿ ಹಾಕಿದ 18 ತಿಂಗಳವರೆಗೆ ಸಾಮಾನ್ಯವಾಗಿ ಅದು ಬಹಿರಂಗವಾಗುವುದಿಲ್ಲ. ಈ ವರ್ಷ ಗೆರೆ ಇಳಿದಂತೆ ಕಂಡರೆ ಅದು ಇಳಿತವಲ್ಲ, ಕಡತ ಇನ್ನೂ ಕಪಾಟಿನಲ್ಲಿದೆ. ಎರಡನೆಯದು, ಒಂದೇ ಸಂಶೋಧನೆಗೆ ಹತ್ತು ದೇಶಗಳಲ್ಲಿ ಅರ್ಜಿ ಬಿದ್ದರೆ ಹತ್ತು ಎಂದು ಎಣಿಸಬಾರದು. ಅದು ಒಂದು ಕುಟುಂಬ. ಆದರೆ ಕುಟುಂಬ ದೊಡ್ಡದಿದ್ದಷ್ಟೂ ಒಳ್ಳೆಯ ಸೂಚನೆ. ಪ್ರತಿ ದೇಶದಲ್ಲೂ ಶುಲ್ಕ, ವಕೀಲರು, ಅನುವಾದ ಎಂದು ಖರ್ಚಾಗುತ್ತದೆ. ಗೆಲ್ಲುವ ಭರವಸೆ ಇಲ್ಲದವರು ಅಷ್ಟು ಸುರಿಯುವುದಿಲ್ಲ. ವರ್ಷಗಳು ಕಳೆದ ಮೇಲೂ ನವೀಕರಣ ಶುಲ್ಕ ಕಟ್ಟಿ ಜೀವಂತ ಇಟ್ಟಿದ್ದಾರೆಯೇ ಎಂದು ನೋಡಿ. ಕಟ್ಟುವುದು ನಿಲ್ಲಿಸಿದ್ದರೆ ಪತ್ರಿಕಾ ಹೇಳಿಕೆ ಏನೇ ಹೇಳಲಿ, ಅವರು ಕೈಬಿಟ್ಟಿದ್ದಾರೆ.

ಹೆಜ್ಜೆ 4: ಡಾಲರ್ ಬಿಟ್ಟು ಟನ್ ಕೇಳಿ

ಹೆಚ್ಚು ಜನ ಮೋಸ ಹೋಗುವ ಜಾಗ ಇದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 2001ರ ವರದಿ, 2015ರ ಹೊತ್ತಿಗೆ ನ್ಯಾನೊ ಮಾರುಕಟ್ಟೆ 1 ಲಕ್ಷ ಕೋಟಿ ಡಾಲರ್ ಎಂದಿತು. 2004ರಲ್ಲಿ ಲಕ್ಸ್ ರಿಸರ್ಚ್ ಸಂಸ್ಥೆ 2014ಕ್ಕೆ 2.6 ಲಕ್ಷ ಕೋಟಿ ಡಾಲರ್ ಎಂದಿತು. ಇಷ್ಟು ದೊಡ್ಡ ಮೊತ್ತ ಎಲ್ಲಿಂದ ಬಂತು? ಕಾರಿನ ಬಂಪರ್‌ಗೆ ಒಂದಿಷ್ಟು ನ್ಯಾನೊ ಪುಡಿ ಬೆರೆಸಿದ್ದಾರೆ ಎನ್ನಿ. ಪುಡಿಯ ಬೆಲೆ ಹಿಡಿಯಬಹುದು, ಬಂಪರಿನ ಬೆಲೆ ಹಿಡಿಯಬಹುದು, ಇಡೀ ಕಾರಿನ ಬೆಲೆಯನ್ನೇ ನ್ಯಾನೊ ಲೆಕ್ಕಕ್ಕೆ ಬರೆಯಬಹುದು. ದೊಡ್ಡ ಅಂಕಿಗಳೆಲ್ಲ ಈ ಮೂರನೆಯ ದಾರಿಯ ಕೂಸುಗಳು. ಮಾರುಕಟ್ಟೆ ವರದಿ ಕೈಗೆ ಬಂದರೆ ಮೊದಲು ಯಾವುದರ ಬೆಲೆ ಹಿಡಿದಿದ್ದಾರೆ ಎಂದು ಹುಡುಕಿ. ಅದನ್ನು ಬರೆದಿಲ್ಲದಿದ್ದರೆ ವರದಿ ಮುಚ್ಚಿಡಿ.

ಕಾರ್ಖಾನೆ ಎಷ್ಟು ಟನ್ ತಯಾರಿಸುತ್ತದೆ ಎಂಬುದನ್ನು ಉಬ್ಬಿಸುವುದು ಅಷ್ಟು ಸುಲಭವಲ್ಲ. ಕಾರ್ಬನ್ ನ್ಯಾನೊಟ್ಯೂಬ್ ಕತೆ ನೋಡಿ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ಪ್ರಬಂಧ ಬಂದಾಗ ಉಕ್ಕನ್ನು ಮೀರಿಸುವ ನೂಲು ಇನ್ನೇನು ಬಂತು ಎಂಬ ಉತ್ಸಾಹವಿತ್ತು. ಬಾಯರ್ ಕಂಪನಿ 2010ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ವರ್ಷಕ್ಕೆ 200 ಟನ್ ಸಾಮರ್ಥ್ಯದ ಘಟಕ ತೆರೆಯಿತು. 2013ರಲ್ಲಿ ಆ ವ್ಯವಹಾರದಿಂದಲೇ ಹೊರಬಂತು. ಪದದ ಬೆನ್ನು ಹತ್ತಿದವರು ಆಗ ನ್ಯಾನೊಟ್ಯೂಬಿಗೆ ತಿಥಿ ಮಾಡಿ ಮುಗಿಸಿದರು. ಟನ್ ಎಣಿಸುತ್ತಿದ್ದವರಿಗೆ ಬೇರೆಯೇ ಕಂಡಿತು. ದಕ್ಷಿಣ ಕೊರಿಯಾದ ಎಲ್‌ಜಿ ಕೆಮ್ 2017ರಲ್ಲಿ 500 ಟನ್ ಘಟಕ ನಡೆಸತೊಡಗಿ, 2021ರಲ್ಲಿ ಇನ್ನೂ 1,200 ಟನ್ ಸೇರಿಸಿತು. ಅದಕ್ಕೆ ಕಾರಣ ಲಿಥಿಯಂ ಅಯಾನ್ ಬ್ಯಾಟರಿ. ಧನಾಗ್ರದ ಪುಡಿಯಲ್ಲಿ ವಿದ್ಯುತ್ ಹರಿಯಲು ಕಾರ್ಬನ್ ಮಸಿ ಬೆರೆಸುವ ಕಡೆ, ಅದಕ್ಕಿಂತ ಕಡಿಮೆ ನ್ಯಾನೊಟ್ಯೂಬ್ ಸಾಕಾಗುತ್ತದೆ. ಉಳಿದ ಜಾಗಕ್ಕೆ ಶಕ್ತಿ ಹಿಡಿದಿಡುವ ವಸ್ತು ತುಂಬಬಹುದು. ಉಕ್ಕನ್ನು ಸೋಲಿಸಲು ಹೊರಟ ನೂಲಿಗೆ ಕೊನೆಗೆ ಕೆಲಸ ಸಿಕ್ಕಿದ್ದು ಮಸಿಯ ಜಾಗದಲ್ಲಿ!

ಹೆಜ್ಜೆ 5: ಕಾನೂನು ಮತ್ತು ಔಷಧದ ದಾಖಲೆ

ಓದಲು ಬೇಸರ, ಆದರೆ ಸುಳ್ಳು ಕಡಿಮೆ. ಫ್ರಾನ್ಸ್‌ನಲ್ಲಿ 2013ರಿಂದ ವರ್ಷಕ್ಕೆ 100 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನ್ಯಾನೊ ವಸ್ತು ತಯಾರಿಸುವ, ತರಿಸುವ, ಹಂಚುವ ಕಂಪನಿಗಳು ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಯುರೋಪಿನ ರಾಸಾಯನಿಕ ಕಾನೂನು 2020ರಿಂದ ನ್ಯಾನೊ ರೂಪಗಳಿಗೆ ಪ್ರತ್ಯೇಕ ಮಾಹಿತಿ ಕೇಳುತ್ತಿದೆ. ಆಹಾರಕ್ಕೆ ಬಿಳುಪು ಕೊಡುತ್ತಿದ್ದ, ಒಂದು ಪಾಲು ನ್ಯಾನೊ ಕಣಗಳೇ ಇರುವ ಟೈಟಾನಿಯಂ ಡೈಆಕ್ಸೈಡ್ 2022ರಲ್ಲಿ ಅಲ್ಲಿ ಆಹಾರದಲ್ಲಿ ನಿಷೇಧವಾಯಿತು. ಇಂಥ ಒಂದು ಆದೇಶ ಹತ್ತು ವರ್ಷದ ಪ್ರಬಂಧಗಳಿಗಿಂತ ಬೇಗ ಮಾರುಕಟ್ಟೆಯನ್ನು ತಿರುಗಿಸುತ್ತದೆ.

ಔಷಧವಾದರೆ ಕ್ಲಿನಿಕಲ್ ಟ್ರಯಲ್ ನೋಂದಣಿ ಮತ್ತು ಅನುಮೋದನೆಗಳನ್ನು ನೋಡಿ. ಕ್ಯಾನ್ಸರ್ ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಯೊಳಗಿಟ್ಟ ಡಾಕ್ಸಿಲ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1995ರಲ್ಲಿ. 2018ರಲ್ಲಿ ಅಪರೂಪದ ಕಾಯಿಲೆಯೊಂದಕ್ಕೆ ಕೊಡುವ ಆನ್‌ಪ್ಯಾಟ್ರೊ ಎಂಬ ಮದ್ದಿಗೆ ಅನುಮೋದನೆ ಸಿಕ್ಕಿತು. ಅದರಲ್ಲಿ ಆರ್‌ಎನ್‌ಎಯನ್ನು ಹೊತ್ತದ್ದು ಕೊಬ್ಬಿನ ನ್ಯಾನೊ ಕಣವೇ. ಆ ಸಾಲನ್ನು ಗುರುತು ಹಾಕಿಟ್ಟುಕೊಂಡಿದ್ದವರಿಗೆ 2020ರ ಲಸಿಕೆ ಆಕಾಶದಿಂದ ಉದುರಿದ ಪವಾಡವಾಗಿ ಕಂಡಿರಲಿಕ್ಕಿಲ್ಲ.

ಹೆಜ್ಜೆ 6: ಒಂದು ಹಾಳೆಯಲ್ಲಿ ಕೂಡಿಸಿ

ವರ್ಷಗಳನ್ನು ಅಡ್ಡಕ್ಕೆ ಬರೆದು ಪ್ರಬಂಧ, ಪೇಟೆಂಟ್, ಟನ್, ಕಾನೂನು, ಉತ್ಪನ್ನ ಎಂದು ಐದು ಸಾಲು ಎಳೆಯಿರಿ. ಕ್ವಾಂಟಮ್ ಡಾಟ್ ಹಾಳೆ ಹೀಗಿರುತ್ತದೆ: 1980ರ ದಶಕದ ಆರಂಭದಲ್ಲಿ ಎಕಿಮೊವ್ ಮತ್ತು ಬ್ರೂಸ್ ಅವರ ಶೋಧ, 1993ರಲ್ಲಿ ಬಾವೆಂಡಿ ತಂಡ ಕಂಡುಕೊಂಡ ಒಳ್ಳೆಯ ತಯಾರಿಕಾ ವಿಧಾನ, 2013ರಲ್ಲಿ ಸೋನಿ ಟಿವಿ, 2023ರಲ್ಲಿ ಮೂವರಿಗೂ ನೊಬೆಲ್. ತಯಾರಿಕಾ ವಿಧಾನ ಸಿಕ್ಕಿದ ಮೇಲೂ ಟಿವಿಗೆ ಬರಲು 20 ವರ್ಷ ಹಿಡಿಯಿತು. ಕಾನೂನಿನ ಸಾಲಿನಲ್ಲಿ, ಹಿಂದಿನ ಡಾಟ್‌ಗಳಲ್ಲಿ ಬಳಸುತ್ತಿದ್ದ ವಿಷಲೋಹ ಕ್ಯಾಡ್ಮಿಯಂ ಮೇಲೆ ಯುರೋಪಿನ ನಿರ್ಬಂಧ, ಅದರ ಕೆಳಗೇ ಉತ್ಪನ್ನದ ಸಾಲಿನಲ್ಲಿ ಕ್ಯಾಡ್ಮಿಯಂ ಇಲ್ಲದ ಇಂಡಿಯಂ ಫಾಸ್ಫೈಡ್ ಕಣಗಳು ಬಂದು ಕೂರುತ್ತವೆ.

ದಿನಾ ಸುದ್ದಿ ಕೆದಕುವ ಅಗತ್ಯವಿಲ್ಲ. ಪ್ರಬಂಧಗಳಿಗೆ ತಿಂಗಳಿಗೊಮ್ಮೆ ಬರುವಂತೆ ಅಲರ್ಟ್ ಇಡಿ, ಪೇಟೆಂಟ್ ಮೂರು ತಿಂಗಳಿಗೊಮ್ಮೆ ಸಾಕು, ಕಾರ್ಖಾನೆಯ ಟನ್ ಲೆಕ್ಕ ಕಂಪನಿಗಳ ವಾರ್ಷಿಕ ವರದಿ ಬಂದಾಗ. ಅಲರ್ಟ್‌ನಲ್ಲಿ ವಸ್ತುವಿನ ಹೆಸರು, ಬಳಕೆಯ ಹೆಸರು ಎರಡನ್ನೂ ಹಾಕಿ. ‘ನ್ಯಾನೊ’ ಎಂಬ ಪದವನ್ನು ಮಾತ್ರ ಬಿಟ್ಟುಬಿಡಿ.