ನಾಳೆ ಡಬ್ಬಿಗೆ ಏನು? ಪಿಂಟರೆಸ್ಟ್ ಬೋರ್ಡಿನಲ್ಲಿ ಮನೆಯ ವಾರ ಹೊಂದಿಸುವ ಬಗೆ

ಶಿರಸಿಯ ಚಿಕ್ಕಮ್ಮ ಸೋಮವಾರ ಕಳಿಸಿದ ತಂಬ್ಳಿಯ ವಿಧಾನ ಬುಧವಾರ ಬೇಕಾದಾಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಗೆ ಸಿಗುವುದಿಲ್ಲ. ಶುಭೋದಯದ ಹೂಗಳು, ಮದುವೆಯ ಕರೆಯೋಲೆ, ಘಟ್ಟದಲ್ಲಿ ಮರ ಬಿದ್ದ ವಿಡಿಯೊ ಎಲ್ಲ ಬಂದು ಅದರ ಮೇಲೆ ಕೂತಿರುತ್ತವೆ. ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಅಷ್ಟೇ, ಗ್ಯಾಲರಿಯ ಸಾವಿರ ಫೋಟೊಗಳ ನಡುವೆ ಅದೂ ಒಂದು. ಪಿಂಟರೆಸ್ಟ್‌ನಂಥ ತಾಣದಲ್ಲಿ ಚಿತ್ರ ಮತ್ತು ಅದು ಬಂದ ಪುಟದ ಕೊಂಡಿ ಒಟ್ಟಿಗೆ ಉಳಿಯುತ್ತವೆ, ಹೀಗೆ ಉಳಿಸಿದ್ದಕ್ಕೆ 'ಪಿನ್' ಎಂದು ಹೆಸರು. ಅವನ್ನು ನಮಗೆ ಬೇಕಾದ ಹೆಸರಿನ ಬೋರ್ಡಿನಲ್ಲಿ ಜೋಡಿಸಿಡಬಹುದು, ಮನೆಮಂದಿ ಎಲ್ಲರೂ ತಂತಮ್ಮ ಫೋನಿನಲ್ಲಿ ನೋಡಬಹುದು.

2010ರಲ್ಲಿ ಶುರುವಾದ ಈ ತಾಣ ಒಂದು ಖಾತೆಗೆ 2,000 ಬೋರ್ಡ್, 2 ಲಕ್ಷ ಪಿನ್‌ವರೆಗೆ ಜಾಗ ಕೊಡುತ್ತದೆ. ಮನೆ ನಡೆಸಲು ಸಾಕಾಗುವುದು ಮೂರು ಬೋರ್ಡ್, ನೂರರೊಳಗಿನ ಪಿನ್. 'ಅಡುಗೆ', 'ಮನೆ ಅಲಂಕಾರ', 'ಮಕ್ಕಳು' ಎಂದು ವಿಷಯದ ಹೆಸರಿಟ್ಟರೆ ತಿಂಗಳೊಳಗೆ ನಾನ್ನೂರು ಚಿತ್ರ ತುಂಬಿ, ಬೋರ್ಡೂ ಗ್ಯಾಲರಿಯಂತೆಯೇ ಆಗುತ್ತದೆ. ಮನೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯನ್ನೇ ಬೋರ್ಡಿನ ಹೆಸರಾಗಿಸಿ. 'ನಾಳೆ ಡಬ್ಬಿಗೆ ಏನು', 'ಚೌತಿಗೆ ಏನೇನು', 'ಮಳೆ ರಜೆಗೆ ಏನು'. ಆ ಪ್ರಶ್ನೆಗೆ ಉತ್ತರವಾಗದ ಚಿತ್ರ ಎಷ್ಟೇ ಚೆಂದವಿದ್ದರೂ ಅಲ್ಲಿ ಬೇಡ.

ಮೊದಲು ಬೀಗ, ಆಮೇಲೆ ಬೋರ್ಡ್

ಆ್ಯಪ್ ತೆರೆದು ಕೆಳಗಿನ ಪ್ಲಸ್ ಚಿಹ್ನೆ ಒತ್ತಿ, 'ಬೋರ್ಡ್' ಆಯ್ದು ಹೆಸರು ಕೊಡಿ. ಕನ್ನಡದಲ್ಲೇ ಬರೆಯಬಹುದು. ಅಲ್ಲೇ 'ಸೀಕ್ರೆಟ್' ಎಂಬ ಗುಂಡಿ ಇರುತ್ತದೆ, ಅದನ್ನು ಆಗಲೇ ಒತ್ತಿಬಿಡಿ. ಒತ್ತದಿದ್ದರೆ ಬೋರ್ಡ್ ಎಲ್ಲರಿಗೂ ಕಾಣುತ್ತದೆ. ಮಗಳ ಶಾಲೆಯ ವೇಳಾಪಟ್ಟಿ, ಮನೆಯ ಒಳಗಿನ ಫೋಟೊ ಊರಿಗೆಲ್ಲ ಕಾಣುವಂತೆ ಇಡುವುದು ಸರಿಯಲ್ಲ. ಆಧಾರ್, ಪಾಸ್‌ಬುಕ್ಕಿನ ಚಿತ್ರಗಳನ್ನು ಸೀಕ್ರೆಟ್ ಬೋರ್ಡಿನಲ್ಲೂ ಇಡಬೇಡಿ.

ಬಳಿಕ ಅಡುಗೆಮನೆಗೆ ಕೈ ಹಚ್ಚುವ ಎಲ್ಲರನ್ನೂ ಆ ಬೋರ್ಡಿಗೆ ಸೇರಿಸಿ: ಗಂಡ, ಅತ್ತೆ, ಕಾಲೇಜಿಗೆ ಹೋಗುವ ಮಗ. ಪಿಂಟರೆಸ್ಟ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು, ಅದಕ್ಕಿಂತ ಚಿಕ್ಕವರು ದೊಡ್ಡವರ ಫೋನಿನಲ್ಲಿ ನೋಡಿದರೆ ಸಾಕು. ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಶನ್ ಎಲ್ಲ ನಿಲ್ಲಿಸಿ. ಕೆಲಸ ಹಗುರಾಗಲೆಂದು ಹಾಕಿಕೊಂಡ ಆ್ಯಪ್ ದಿನಕ್ಕೆ ಐದು ಸಲ ಕರೆದರೆ ಪ್ರತಿ ಸಲವೂ ಹತ್ತು ನಿಮಿಷ ಹೋಗುತ್ತದೆ.

ಡಬ್ಬಿಯ ಬೋರ್ಡ್

ಮೂರರಲ್ಲಿ ಹೆಚ್ಚು ದುಡಿಯುವ ಬೋರ್ಡ್ ಇದು, ಹೆಚ್ಚು ಕೆಡುವುದೂ ಇದೇ. ಬೋರ್ಡಿನೊಳಗೆ 'ಸೆಕ್ಷನ್' ಎಂಬ ಒಳಮನೆ ಮಾಡಲು ಬರುತ್ತದೆ. ಅವುಗಳಿಗೆ ದೋಸೆ, ಪಲ್ಯ, ಅನ್ನ ಎಂದು ಹೆಸರಿಡಬೇಡಿ. ಬೆಳಿಗ್ಗೆ ಆರು ಗಂಟೆಗೆ ಕಾಡುವ ಪ್ರಶ್ನೆ ದೋಸೆಯೋ ಅನ್ನವೋ ಎಂಬುದಲ್ಲ, ಈಗ ಏನು ಮಾಡಲು ಸಾಧ್ಯ ಎಂಬುದು. ಹಾಗಾಗಿ ನಾಲ್ಕು ಸೆಕ್ಷನ್ ಹೀಗಿರಲಿ: 'ರಾತ್ರಿ ನೆನೆಸಬೇಕು', 'ಬೆಳಿಗ್ಗೆ 20 ನಿಮಿಷ', 'ನಿನ್ನೆ ಉಳಿದದ್ದು', 'ಕರೆಂಟಿಲ್ಲ'.

ಕರಾವಳಿಯ ಮಳೆಗಾಲದಲ್ಲಿ ನಾಲ್ಕನೆಯ ಸೆಕ್ಷನ್ ಇಲ್ಲದೆ ನಡೆಯದು. ತೆಳ್ಳೇವು (ತೆಳು ಅಕ್ಕಿದೋಸೆ) ಸುಲಭ ನಿಜ, ಹಿಟ್ಟು ಹುದುಗಬೇಕಿಲ್ಲ. ಆದರೆ ಅಕ್ಕಿ ನಾಲ್ಕು ತಾಸು ನೆನೆಯಬೇಕು, ಮಿಕ್ಸರ್ ತಿರುಗಬೇಕು. ಬೆಳಿಗ್ಗೆ ಬೀಸುತ್ತೇನೆ ಎಂದುಕೊಂಡವರಿಗೆ ಕರೆಂಟು ಕೈಕೊಟ್ಟರೆ ಡಬ್ಬಿ ಖಾಲಿ. ಅದು 'ರಾತ್ರಿ ನೆನೆಸಬೇಕು' ಸೆಕ್ಷನ್ನಿನದು, ರಾತ್ರಿಯೇ ಬೀಸಿಡಬೇಕಾದದ್ದು. ತೆಳು ಅವಲಕ್ಕಿ ಕೈಯಲ್ಲೇ ಕಲಸಿ ಮುಗಿಯುವಂಥದ್ದು: ಎರಡು ಲೋಟ ಅವಲಕ್ಕಿಗೆ ಅರ್ಧ ಲೋಟ ತೆಂಗಿನ ತುರಿ, ಸಾರಿನ ಪುಡಿ, ಉಪ್ಪು, ಚೂರು ಸಕ್ಕರೆ, ಮೇಲೊಂದು ಒಗ್ಗರಣೆ. 'ಕರೆಂಟಿಲ್ಲ' ಸೆಕ್ಷನ್ನಿಗೆ ಹೇಳಿ ಮಾಡಿಸಿದ ತಿಂಡಿ ಇದು. ಆದರೆ ಎಪ್ರಿಲ್–ಮೇ ತಿಂಗಳ ಸೆಖೆಯಲ್ಲಿ ಹಸಿ ತೆಂಗಿನ ತುರಿ ಮಧ್ಯಾಹ್ನದೊಳಗೆ ಹಳಸುತ್ತದೆ. ಆಗ ಡಬ್ಬಿಗೆ ತೆಂಗಿನ ಚಟ್ನಿ ಬಿಟ್ಟು ಶೇಂಗಾ ಚಟ್ನಿಪುಡಿ ಹಾಕಬೇಕು. ಪಿನ್ನಿನಲ್ಲಿ ಇಂಥ ಎಚ್ಚರಿಕೆ ಇರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು.

ಮೀನು ತಿನ್ನುವ ಮನೆಗಳಿಗೆ ಇನ್ನೊಂದು ಸೆಕ್ಷನ್ ಬೇಕು, 'ಮೀನಿಲ್ಲದ ದಿನ'. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೇಟೆಗೆ ಬರುವ ಮೀನು ಕಡಿಮೆ, ಬಂದದ್ದು ದುಬಾರಿ. ಒಣ ಶೆಟ್ಲಿಯ (ಸಿಗಡಿಯ) ಚಟ್ನಿ, ಮೊಟ್ಟೆ ಸಾರು, ಮೊಳಕೆ ಕಾಳಿನ ಗಸಿ, ಮುರುಗಲ (ಕೋಕಂ) ಸಾರು ಹೀಗೆ ಹತ್ತು ಪಿನ್ ಮೇ ತಿಂಗಳಲ್ಲೇ ಸೇರಿಸಿಟ್ಟರೆ ಆ ಎರಡು ತಿಂಗಳು ದಿನಾ ಯೋಚಿಸಬೇಕಾಗಿಲ್ಲ. ಸೋಮವಾರ, ಗುರುವಾರ ಮೀನು ಮಾಡದ ಮನೆಗಳಿಗೂ ಇದೇ ಸೆಕ್ಷನ್ ಸಾಕು.

ಪಿನ್ ಉಳಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಚಿತ್ರ ಒತ್ತಿದಾಗ ಮೂಲ ಪುಟ ತೆರೆಯುತ್ತದೆಯೇ? ತೆರೆದ ಪುಟದಲ್ಲಿ ಅಳತೆ ಬರೆದಿದೆಯೇ? ಎರಡರಲ್ಲಿ ಒಂದಕ್ಕಾದರೂ ಉತ್ತರ 'ಇಲ್ಲ' ಎಂದಾದರೆ ಅದನ್ನು ಬಿಟ್ಟು ಮುಂದೆ ಹೋಗಿ. ಕೃತಕ ಬುದ್ಧಿಮತ್ತೆ ಬಿಡಿಸಿದ ತಿನಿಸಿನ ಚಿತ್ರಗಳು ಈಗ ಬಹಳ ಬರುತ್ತಿವೆ. ಯಾರೂ ಬೇಯಿಸದ ಅಡುಗೆಗೆ ಹದ ಎಲ್ಲಿಂದ ಬರಬೇಕು? ಅಳತೆಯಲ್ಲೂ ಗೊಂದಲವಿದೆ. ಅಮೆರಿಕದ 'ಕಪ್' ಎಂದರೆ ಸುಮಾರು 240 ಮಿಲಿಲೀಟರ್, ನಿಮ್ಮ ಮನೆಯ ಸ್ಟೀಲ್ ಲೋಟ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ನೀರು ತುಂಬಿ ಅಳೆದಿಟ್ಟುಕೊಳ್ಳಿ. ಅಜ್ಜಿಯ ಅಳತೆಪಾತ್ರೆ ಸಿದ್ದೆಯನ್ನೂ ಅಕ್ಕಿ ತುಂಬಿ ಒಮ್ಮೆ ತೂಗಿ. ಓವನ್ನಿಗೆ 350 ಎಂದು ಬರೆದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 175 ಡಿಗ್ರಿ ಸೆಲ್ಸಿಯಸ್.

ಹೆಚ್ಚಿನವರು ಬಿಟ್ಟುಬಿಡುವ ಮುಖ್ಯ ಹೆಜ್ಜೆ ಮುಂದಿನದು. ಅಡುಗೆ ಮಾಡಿ ನೋಡಿ, ಮನೆಯವರಿಗೆ ಹಿಡಿಸಿದರೆ ಆ ಪಿನ್ ತೆಗೆದುಹಾಕಿ ನಿಮ್ಮದೇ ಪಿನ್ ಹಾಕಿ. ತಟ್ಟೆಯ ಒಂದು ಫೋಟೊ ತೆಗೆದು ಸೀಕ್ರೆಟ್ ಬೋರ್ಡಿಗೆ ಏರಿಸಿ, ಶೀರ್ಷಿಕೆಯಲ್ಲಿ ಹೆಸರು, ವಿವರದಲ್ಲಿ ನಿಮ್ಮ ಲೋಟದ ಅಳತೆ, ಎಷ್ಟು ಜನಕ್ಕೆ, ಎಷ್ಟು ನಿಮಿಷ ಎಂದು ಬರೆಯಿರಿ. ಬೇರೆಯವರ ಪುಟ ನಾಳೆ ಅಳಿಸಿಹೋಗಬಹುದು, ಕೊಂಡಿ ಸತ್ತರೆ ಉಳಿಯುವುದು ಬರೀ ಚಿತ್ರ. ನೀವೇ ಬರೆದ ವಿವರ ಹಾಗಾಗುವುದಿಲ್ಲ. ಬೇರೆಯವರ ಪಿನ್ನಿನ ಕೆಳಗೆ ಕಾಮೆಂಟಿನಲ್ಲಿ ಮನೆಯ ಮಾತು ಬರೆಯುವುದಂತೂ ಬೇಡವೇ ಬೇಡ, ಅದು ಲೋಕಕ್ಕೆಲ್ಲ ಕಾಣುತ್ತದೆ. ಅಜ್ಜಿಯ ಕೈಬರಹದ ಅಪ್ಪೆಹುಳಿ, ಪತ್ರೊಡೆಯ ಚೀಟಿಗಳನ್ನೂ ಹೀಗೆಯೇ ಫೋಟೊ ತೆಗೆದು ಹಾಕಿ. ಆರು ತಿಂಗಳಲ್ಲಿ ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಪಿನ್ ನಿಮ್ಮ ಮನೆಯವೇ ಆಗಿದ್ದರೆ ಬೋರ್ಡ್ ಸರಿದಾರಿಯಲ್ಲಿದೆ.

ಉಪ್ಪುಗಾಳಿಗೆ ನಿಲ್ಲದ ಐಡಿಯಾಗಳು

ಅಡುಗೆಮನೆ, ಕಪಾಟು ಹೊಂದಿಸುವ ಚಿತ್ರಗಳನ್ನು ನೋಡಿ ಸಾಮಾನು ತರಿಸಿ ದುಡ್ಡು ಕಳೆದುಕೊಳ್ಳುವುದು ಕಾರವಾರ, ಅಂಕೋಲಾ, ಕುಮಟಾ ಕಡೆ ಸುಲಭ. ಆ ಚಿತ್ರಗಳು ಒಣ ಹವೆಯ ಊರಿನವು. ಬೆತ್ತದ ಬುಟ್ಟಿಯಲ್ಲಿಟ್ಟ ಬೇಳೆ ಜುಲೈನಲ್ಲಿ ಥಂಡಿ ಹಿಡಿಯುತ್ತದೆ, ಬುಟ್ಟಿಗೇ ಬೂಷ್ಟು ಬರುತ್ತದೆ. ಕಾಗದದ ಲೇಬಲ್ ಉದುರುತ್ತದೆ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಶೆಲ್ಫ್ ಅಂಚಿನಲ್ಲಿ ನೀರು ಕುಡಿದು ಉಬ್ಬುತ್ತದೆ. ಗೋಡೆಗೆ ಅಂಟಿಸುವ ಕೊಕ್ಕೆಗಳು ಸುಣ್ಣ ಬಳಿದ, ಮಳೆಗೆ ಹಸಿಯಾದ ಗೋಡೆಯಲ್ಲಿ ನಿಲ್ಲುವುದೇ ಇಲ್ಲ.

ಬದಲಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಅದರ ಮೇಲೆ ಅಳಿಯದ ಮಾರ್ಕರಿನಲ್ಲಿ ಹೆಸರು. ಕೊಕ್ಕೆ, ಸರಳುಗಳಿಗೆ ಕಬ್ಬಿಣ ಬೇಡ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತನ್ನಿ. ಕಡಲಿಗೆ ತೀರ ಹತ್ತಿರದ ಮನೆಗಳಲ್ಲಿ ಅದಕ್ಕೂ ಕಂದು ಕಲೆ ಬೀಳುತ್ತದೆ, ಅಲ್ಲಿ ಹೊರಗಿನ ಜಾಗಕ್ಕೆ 316 ಹೆಚ್ಚು ತಾಳುತ್ತದೆ. ಚಿರೆಕಲ್ಲಿನ ಗೋಡೆಗೆ ಡ್ರಿಲ್ ಹಾಕಿದರೆ ಕಲ್ಲು ಪುಡಿಯಾಗಿ ತೂತು ಅಗಲವಾಗುತ್ತದೆ, ಚಿಕ್ಕ ಪ್ಲಗ್ ಸಡಿಲವಾಗಿ ಹೊರಬರುತ್ತದೆ. ಉದ್ದನೆಯ ಪ್ಲಗ್, ಉದ್ದನೆಯ ಸ್ಕ್ರೂ ಬೇಕು. ಇಂಥ ಪಿನ್ ಉಳಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಜುಲೈ ತಿಂಗಳನ್ನು ದಾಟೀತೇ?

ಚೌತಿ ಮತ್ತು ಮಳೆ ರಜೆ

ಮಳೆ ರಜೆಯ ಬೋರ್ಡಿಗೆ ಒಂದೇ ನಿಯಮ, ಬೇಕಾದ ವಸ್ತು ಮನೆಯಲ್ಲೇ ಇರಬೇಕು. ಅಡಿಕೆ ಹಾಳೆ, ತೆಂಗಿನ ಗರಟೆ, ಹಳೆ ಪೇಪರ್, ಮೈದಾ ಅಂಟು. ಬಣ್ಣದ ಫೆಲ್ಟ್ ಬಟ್ಟೆ, ಬಿಸಿ ಅಂಟಿನ ಗನ್ ಬೇಡುವ ಪಿನ್ ಬಿಡಿ. ರಜೆ ಎಂದು ಗೊತ್ತಾಗುವ ಹೊತ್ತಿಗೆ ಅಂಗಡಿಗೆ ಹೋಗಲು ಮಳೆ ಬಿಡುವುದಿಲ್ಲ. ಹದಿನೈದು ಪಿನ್ ಸಾಕು.

ಚೌತಿಯ ಬೋರ್ಡಿನಲ್ಲಿ ಸೆಕ್ಷನ್‌ಗಳನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ಮಾಡಿ: '15 ದಿನ ಮೊದಲು', 'ವಾರ ಮೊದಲು', 'ಹಿಂದಿನ ದಿನ', 'ಹಬ್ಬದ ಬೆಳಿಗ್ಗೆ'. ಚಕ್ಕುಲಿಯ ಅಕ್ಕಿ ತೊಳೆದು ಒಣಗಿಸುವ ಕೆಲಸ ಮೊದಲ ಸೆಕ್ಷನ್ನಿನದು. ಮಳೆ ಬಿಟ್ಟುಬಿಟ್ಟು ಹೊಡೆಯುವಾಗ ನೆರಳಲ್ಲಿ ಆರಲು ಎರಡು–ಮೂರು ದಿನ ಬೇಕು, ಸರಿಯಾಗಿ ಆರದ ಅಕ್ಕಿಯ ಹಿಟ್ಟಿಗೆ ಬೇಗ ಬೂಷ್ಟು ಬರುತ್ತದೆ. ಚಕ್ಕುಲಿ ಕಂಬಳಕ್ಕೆ ನೆಂಟರು, ನೆರೆಯವರು ಸೇರುವ ಮನೆಯಾದರೆ ಅಕ್ಕಿ–ಉದ್ದಿನ ಲೆಕ್ಕವನ್ನು ಪಿನ್ನಿನ ವಿವರದಲ್ಲೇ ಬರೆದಿಡಿ. ನಾಲ್ಕಕ್ಕೆ ಒಂದು ಎಂಬುದು ರೂಢಿಯ ಅಳತೆ, ನಿಮ್ಮ ಮನೆಯ ಹದ ಬೇರೆ ಇದ್ದರೆ ಅದನ್ನೇ ಬರೆಯಿರಿ.

ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಸೌತೆ, ಹಾಗಲ, ಪಡವಲ, ಅಡಿಕೆ ಗೊನೆ, ಕಾಡಿನ ಹೂ–ಕಾಯಿ ಯಾರು ತರುವುದು ಎಂಬ ಗಲಿಬಿಲಿ ಹಿಂದಿನ ಸಂಜೆಯೇ ಏಳುವುದು. ಒಂದೊಂದು ವಸ್ತುವಿಗೂ ಒಂದು ಫೋಟೊ ಪಿನ್ ಮಾಡಿ, ಶೀರ್ಷಿಕೆಯಲ್ಲಿ ತರುವವರ ಹೆಸರು ಹಾಕಿ: 'ಹಾಗಲ – ಭಾವ', 'ಅಡಿಕೆ ಗೊನೆ – ದೊಡ್ಡಪ್ಪ'. ತಂದವರು ಪಿನ್ ಅಳಿಸಲಿ. ಉಳಿದ ಪಿನ್‌ಗಳೇ ಬಾಕಿ ಪಟ್ಟಿ.

ಶನಿವಾರ ರಾತ್ರಿಯ 15 ನಿಮಿಷ

ಕಾರವಾರದಲ್ಲಿ ಸಂತೆ ರವಿವಾರ, ಹಾಗಾಗಿ ವಾರದ ತೀರ್ಮಾನ ಶನಿವಾರ ಊಟದ ಬಳಿಕ ಆಗಬೇಕು. ಬೇರೆ ಊರಿನವರು ತಂತಮ್ಮ ಸಂತೆಯ ಹಿಂದಿನ ರಾತ್ರಿ ಕೂತರಾಯಿತು. ಹುಡುಕುವ ಪುಟಕ್ಕೆ ಹೋಗಬೇಡಿ, ನೇರ ಡಬ್ಬಿಯ ಬೋರ್ಡ್ ತೆರೆಯಿರಿ. ಆರು ದಿನಕ್ಕೆ ಆರು ಪಿನ್, ಅದರಲ್ಲಿ ಒಂದು ಮಾತ್ರ ಹೊಸತು. ಹೊಸದನ್ನು ವಾರದ ನಡುವೆ ಇಡದೆ ಶನಿವಾರಕ್ಕೆ ಇಡಿ, ಕೆಟ್ಟರೂ ಡಬ್ಬಿಗೆ ತೊಂದರೆ ಆಗದ ದಿನ ಅದು. ಅವುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ನೆಟ್‌ವರ್ಕ್ ಹೋದರೆ ಬೋರ್ಡ್ ತೆರೆಯುವುದಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಫೋನು ಮುಟ್ಟದ ಅಜ್ಜಿಯೂ ಅದನ್ನು ನೋಡಿ ರಾತ್ರಿ ಅಕ್ಕಿ ನೆನೆಸುತ್ತಾರೆ.

ಬೋರ್ಡ್ 40 ಪಿನ್ ದಾಟಿದಾಗ ಮೂರು ತಿಂಗಳಿಂದ ಮುಟ್ಟದವನ್ನು ತೆಗೆಯಿರಿ. ಚೌತಿಯ ಬೋರ್ಡನ್ನು ಹಬ್ಬ ಮುಗಿದ ಮೇಲೆ ಅಳಿಸದೆ 'ಆರ್ಕೈವ್' ಮಾಡಿ, ಕಣ್ಣಿಗೆ ಬೀಳುವುದಿಲ್ಲ, ಮುಂದಿನ ವರ್ಷ ಹಾಗೇ ತೆರೆಯಲು ಬರುತ್ತದೆ. ಅದಕ್ಕೂ ಮೊದಲು, ಫಲಾವಳಿ ಇಳಿಸುವ ಮುನ್ನ ಕೆಳಗೆ ನಿಂತು ಒಂದು ಫೋಟೊ ತೆಗೆದು ಪಿನ್ ಮಾಡಿ. ಏನು ಸಿಗಲಿಲ್ಲ, ಯಾವುದು ಹೆಚ್ಚಾಯಿತು, ಎಷ್ಟು ಸೇರು ಚಕ್ಕುಲಿ ಉಳಿಯಿತು ಎಂದು ವಿವರದಲ್ಲಿ ಬರೆದಿಡಿ.