ಹಳೇ ಗ್ಲೋಬ್‌ನಿಂದ ರಾತ್ರಿಯ ಭೂಮಿ: ಊರದೀಪಗಳ ಲ್ಯಾಂಪ್ ಮಾಡುವುದು ಹೇಗೆ?

ಗ್ಲೋಬ್‌ನಲ್ಲಿ ಊರುಗಳಿರುವ ಕಡೆ ಸಣ್ಣ ತೂತು ಕೊರೆದು, ಒಳಗೆ ಬೆಳಕು ಹಾಕಿ ಮಾಡುವ ದೀಪ ಇದು. ಮಕ್ಕಳ ಬೇಸಿಗೆ ಶಿಬಿರದಲ್ಲಿ ಎರಡು ವರ್ಷ ಈ ದೀಪ ಮಾಡಿಸಿದ್ದೇನೆ. ಎರಡೂ ವರ್ಷ ಒಂದೇ ತಪ್ಪು ಆಯಿತು. ತೂತು ಕೊರೆಯಲು ಕೂತವರು, ಮಕ್ಕಳ ಜೊತೆ ಬಂದ ಅಪ್ಪ ಅಮ್ಮಂದಿರೂ ಸೇರಿ, ಖಾಲಿ ಜಾಗ ಕಂಡಲ್ಲೆಲ್ಲ ಕೊರೆದರು. ಸಹಾರಾ ಮರುಭೂಮಿಯಲ್ಲಿ ದೀಪ, ಅಮೆಜಾನ್ ಕಾಡಿನಲ್ಲಿ ದೀಪ, ಹಿಮಾಲಯದ ನೆತ್ತಿಯ ಮೇಲೂ ದೀಪ. ಸ್ವಿಚ್ ಹಾಕಿದಾಗ ನಕ್ಷತ್ರ ತುಂಬಿದ ಆಕಾಶ ಕಂಡಿತು. ಭೂಮಿ ಎಲ್ಲೂ ಕಾಣಲಿಲ್ಲ.

ರಾತ್ರಿಯ ಭೂಮಿಯನ್ನು ನಾವು ಗುರುತು ಹಿಡಿಯುವುದು ಕತ್ತಲೆಯ ಜಾಗಗಳಿಂದ. ನೈಲ್ ನದಿಯ ಎರಡೂ ಕಡೆ ಕಪ್ಪಗಿದ್ದರೆ ಮಾತ್ರ ನೈಲ್ ಗೆರೆಯಾಗಿ ಕಾಣುತ್ತದೆ. ಹಾಗಾಗಿ ಈ ಕೆಲಸದಲ್ಲಿ ಎಲ್ಲಿ ಕೊರೆಯಬಾರದು ಅನ್ನುವುದನ್ನೇ ಜಾಸ್ತಿ ಹೊತ್ತು ಯೋಚಿಸಬೇಕು.

ಗ್ಲೋಬ್ ಮತ್ತು ಸಾಮಾನು

12 ಇಂಚಿನ, ಅಂದರೆ ಸುಮಾರು 30 ಸೆಂಟಿಮೀಟರ್ ಅಡ್ಡಳತೆಯ ಪ್ಲಾಸ್ಟಿಕ್ ಗ್ಲೋಬ್ ಬೇಕು. ಹಳೇ ಗ್ಲೋಬ್ ಆದರೆ ಇನ್ನೂ ಒಳ್ಳೆಯದು. ದೇಶಗಳ ಗಡಿ ಹಳತಾಗಿದ್ದರೂ ಪರವಾಗಿಲ್ಲ, ಹೇಗೂ ಮೇಲೆ ಬಣ್ಣ ಬಳಿಯುತ್ತೇವೆ. 8 ಇಂಚಿನದು ಬೇಡವೇ ಬೇಡ. ಕಾರಣ ಲೆಕ್ಕದಲ್ಲೇ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. 12 ಇಂಚಿನ ಗ್ಲೋಬ್‌ನ ಸುತ್ತಳತೆ ಸುಮಾರು 96 ಸೆಂ.ಮೀ. ಅಂದರೆ ಅದರ ಮೇಲೆ 1 ಮಿಲಿಮೀಟರ್ ಎಂದರೆ ಸುಮಾರು 42 ಕಿ.ಮೀ. ಉದ್ದಕ್ಕೆ 750 ಕಿ.ಮೀ. ಇರುವ ಇಡೀ ಕರ್ನಾಟಕ ಒಂದೂ ಮುಕ್ಕಾಲು ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. 8 ಇಂಚಿನದರಲ್ಲಿ 1.2 ಸೆಂ.ಮೀ.ಗೇ ಮುಗಿದುಹೋಗುತ್ತದೆ. ಅಲ್ಲಿ ಬೆಂಗಳೂರು, ಮೈಸೂರು ಬಿಡಿಸಿ ತೋರಿಸುವುದು ಕಷ್ಟ.

ಉಳಿದ ಸಾಮಾನು ಕಡಿಮೆ. ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ (ಅಂಗಡಿಯಲ್ಲಿ ಪಿನ್ ವೈಸ್ ಅಂತ ಕೇಳಿ), 0.5, 0.8, 1 ಮತ್ತು 1.5 ಮಿ.ಮೀ. ಬಿಟ್‌ಗಳು, ಕಪ್ಪು, ಬಿಳಿ, ಕಡುನೀಲಿ ಅಕ್ರಿಲಿಕ್ ಬಣ್ಣ, ಫೆವಿಕಾಲ್, ಯುಎಸ್‌ಬಿ ಎಲ್‌ಇಡಿ ಸ್ಟ್ರಿಪ್. ಸರ್ಕ್ಯೂಟ್ ಬೋರ್ಡ್ ಕೊರೆಯುವ ಬಿಟ್‌ಗಳು ಈ ಅಳತೆಯಲ್ಲೇ ಬರುತ್ತವೆ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ತೆಳ್ಳಗಿನ ಬಿಟ್ ಬೇಗ ಮುರಿಯುತ್ತದೆ, 0.5ರದ್ದು ಐದಾರು ತಂದಿಟ್ಟುಕೊಳ್ಳಿ.

ನಕ್ಷೆ ಯಾವುದು?

ನಾಸಾದ 'ಬ್ಲ್ಯಾಕ್ ಮಾರ್ಬಲ್' ಚಿತ್ರ ಇಳಿಸಿಕೊಳ್ಳಿ. ಉಚಿತವಾಗಿ ಸಿಗುತ್ತದೆ. 2011ರ ಅಕ್ಟೋಬರಿನಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹ ಸುಮಾರು 824 ಕಿ.ಮೀ. ಎತ್ತರದಿಂದ ಹಿಡಿದ ಬೆಳಕು ಅದರಲ್ಲಿದೆ. ಕತ್ತಲಾದ ಮೇಲೆ ಯಾವ ಊರಿನ ಮೇಲೆ ಹೋದರೂ ಅಲ್ಲಿನ ಗಡಿಯಾರದಲ್ಲಿ ರಾತ್ರಿ ಸುಮಾರು ಒಂದೂವರೆ ಆಗಿರುವಂತೆ ಅದು ಸುತ್ತುತ್ತದೆ. 2012ರ ನಕ್ಷೆಗೆ ಏಪ್ರಿಲ್‌ನ 9 ದಿನ, ಅಕ್ಟೋಬರಿನ 13 ದಿನಗಳ ಚಿತ್ರಗಳನ್ನು ಜೋಡಿಸಿದ್ದಾರೆ. ನಾನು ಹೇಳುವುದು 2017ರಲ್ಲಿ ಬಿಡುಗಡೆಯಾದ, 2016ರ ನಕ್ಷೆಯನ್ನು ತೆಗೆದುಕೊಳ್ಳಿ ಅಂತ. 2012ರದ್ದರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗ ಮಿನುಗುತ್ತದೆ. ಅಲ್ಲಿ ಊರುಗಳಿಲ್ಲ, ಅದು ಕಾಳ್ಗಿಚ್ಚಿನ ಬೆಳಕು. ಗೊತ್ತಿಲ್ಲದವರು ಮರುಭೂಮಿಯ ನಡುವೆ ದೊಡ್ಡ ನಗರ ಕಟ್ಟಿಬಿಡುತ್ತಾರೆ.

ಇನ್ನೊಂದು ಚಿತ್ರದ ಬಗ್ಗೆ ಹೇಳಲೇಬೇಕು. ಪ್ರತಿ ದೀಪಾವಳಿಗೆ ವಾಟ್ಸಾಪಿನಲ್ಲಿ ಬರುತ್ತದಲ್ವಾ, ಬಣ್ಣಬಣ್ಣದ ಭಾರತ, 'ದೀಪಾವಳಿ ರಾತ್ರಿ ಬಾಹ್ಯಾಕಾಶದಿಂದ' ಅಂತ? ಅದನ್ನು ನೋಡಿಕೊಂಡು ಕೊರೆಯಬೇಡಿ. ಅದು ಒಂದೇ ರಾತ್ರಿಯ ಫೋಟೋ ಅಲ್ಲ. ಬೇರೆ ಬೇರೆ ವರ್ಷಗಳಲ್ಲಿ ಹೊಸದಾಗಿ ಕಂಡ ದೀಪಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಮಾಡಿದ ಚಿತ್ರ. 1992ರದ್ದು ನೀಲಿ, 1998ರದ್ದು ಹಸಿರು, 2003ರದ್ದು ಕೆಂಪು. ಅದನ್ನು ನಂಬಿದರೆ ಇಡೀ ದೇಶ ಒಂದೇ ಸಮ ಬೆಳಗುತ್ತದೆ.

ಬಿಡಿಸುವುದು, ಒಳಗೆ ಬಣ್ಣ

ಸಮಭಾಜಕ ವೃತ್ತದ ಮೇಲಿನ ಪಟ್ಟಿಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ತೆಳು ಚಾಕು ತೂರಿಸಿದರೆ ಗ್ಲೋಬ್ ಎರಡು ಹೋಳಾಗುತ್ತದೆ.

ಒಳಗಿನ ಬಣ್ಣದ ವಿಷಯದಲ್ಲಿ ಅವಸರ ಬೇಡ. ಮೊದಲು ಒಳಮೈಯನ್ನು ಉಪ್ಪು ಕಾಗದದಿಂದ ಲಘುವಾಗಿ ಉಜ್ಜಿ. ಆಮೇಲೆ ಕಪ್ಪು, ಮೂರು ಕೋಟ್. ಒಂದೊಂದೂ ಪೂರ್ತಿ ಒಣಗಬೇಕು. ಕತ್ತಲೆ ಕೋಣೆಯಲ್ಲಿ ಹೋಳಿನೊಳಗೆ ಟಾರ್ಚ್ ಹಿಡಿದು ನೋಡಿ. ಎಲ್ಲಾದರೂ ಬೆಳಕು ಸೋರಿದರೆ ಇನ್ನೊಂದು ಕೋಟ್. ಸ್ಪ್ರೇ ಡಬ್ಬಿ ಬೇಡ. ಅದರಲ್ಲಿರುವ ಥಿನ್ನರ್ ಕೆಲವು ಪ್ಲಾಸ್ಟಿಕ್‌ಗಳನ್ನು ತಿಂದು ಸುಕ್ಕು ಬರಿಸುತ್ತದೆ.

ಕಪ್ಪಿನ ಮೇಲೆ ಬಿಳಿ ಬಣ್ಣ ಎರಡು ಕೋಟ್. ಇದನ್ನು ಬಿಟ್ಟವರೇ ಜಾಸ್ತಿ. 'ಒಳಗೆ ಹೇಗೂ ಯಾರಿಗೂ ಕಾಣುವುದಿಲ್ಲ' ಅನ್ನುತ್ತಾರೆ. ಒಳಗೆ ಕಪ್ಪು ಉಳಿದರೆ ಕಪ್ಪು ಬಣ್ಣ ಬೆಳಕನ್ನು ಕುಡಿದುಬಿಡುತ್ತದೆ. ಆಗ ನಿಮ್ಮ ಕಣ್ಣು, ತೂತು, ಒಳಗಿನ ಎಲ್‌ಇಡಿ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಮಾತ್ರ ಆ ಊರು ಬೆಳಗುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ದೆಹಲಿ ಆರಿಹೋಗುತ್ತದೆ. ಬಿಳಿ ಬಳಿದರೆ ಬೆಳಕು ಒಳಗೆಲ್ಲ ಚದುರಿ ಎಲ್ಲ ತೂತಿಗೂ ತಲುಪುತ್ತದೆ.

ತೂತು ಕೊರೆಯುವುದು

ನಾಲ್ಕು ಸಂಜೆ ಇಟ್ಟುಕೊಳ್ಳಿ. ಒಂದೇ ದಿನ ಮುಗಿಸಲು ಹೋದವರ ಕೈ ಸೋತು ಅರ್ಧ ಭೂಮಿ ಹಾಳಾಗಿದ್ದನ್ನು ನೋಡಿದ್ದೇನೆ.

ಚಪ್ಪಟೆ ಚಿತ್ರದಿಂದ ಗುಂಡು ಮೈಗೆ ಊರುಗಳನ್ನು ಕಣ್ಣಳತೆಯಲ್ಲಿ ತರಬೇಡಿ. ನಾಸಾದ ಚಿತ್ರ ಧ್ರುವಗಳ ಕಡೆ ಹೋದಷ್ಟೂ ಅಡ್ಡಕ್ಕೆ ಹಿಗ್ಗಿರುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಎಲ್ಲವೂ ಎರಡರಷ್ಟು ಅಗಲ ಕಾಣುತ್ತದೆ. ಸ್ಟಾಕ್‌ಹೋಮ್, ಹೆಲ್ಸಿಂಕಿ ಎಲ್ಲ ಅಲ್ಲೇ ಆಸುಪಾಸಿನಲ್ಲಿರುವುದು. ಚಿತ್ರದ ಮೇಲೆ 15 ಡಿಗ್ರಿಗೊಂದು ಅಕ್ಷಾಂಶ, ರೇಖಾಂಶದ ಗೆರೆ ಎಳೆಯಿರಿ. ಸಾಮಾನ್ಯವಾಗಿ ಗ್ಲೋಬ್ ಮೇಲೂ ಗೆರೆ ಇರುತ್ತದೆ. ಒಂದೊಂದೇ ಚೌಕ ತೆಗೆದುಕೊಂಡು, ಆ ಚೌಕದ ಊರುಗಳಿಗೆ ಪೆನ್ಸಿಲ್ ಚುಕ್ಕೆ ಇಡಿ. ಕೊರೆಯುವುದು ಆಮೇಲೆ.

ಅಳತೆ ಮೂರೇ. 1 ಮಿ.ಮೀ. ತೂತು ಇಡೀ ಭೂಮಿಗೆ ಇಪ್ಪತ್ತೈದು ಮೀರದಿರಲಿ: ಟೋಕಿಯೊ, ಶಾಂಘೈ, ದೆಹಲಿ, ಮುಂಬೈ, ಕೈರೊ, ಮಾಸ್ಕೊ, ಲಂಡನ್, ನ್ಯೂಯಾರ್ಕ್, ಮೆಕ್ಸಿಕೊ ಸಿಟಿ, ಸಾವೊ ಪಾಲೊ, ಇಂಥವು. ಬೆಂಗಳೂರಿಗೂ 1 ಮಿ.ಮೀ. ಕೊಡಿ. ಎರಡನೇ ಸಾಲಿನ ನಗರಗಳಿಗೆ 0.8. ಉಳಿದ ಎಲ್ಲಕ್ಕೂ 0.5. ಎಲ್ಲ ತೂತೂ ಒಂದೇ ಅಳತೆ ಆದರೆ ಭೂಮಿ ಜರಡಿಯ ಹಾಗೆ ಕಾಣುತ್ತದೆ.

ಎರಡು ತೂತಿನ ನಡುವೆ 2 ಮಿ.ಮೀ. ಇರಲೇಬೇಕು. ಹತ್ತಿರ ಕೊರೆದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. 2 ಮಿ.ಮೀ. ಎಂದರೆ ಸುಮಾರು 85 ಕಿ.ಮೀ. ಹಾಗಾಗಿ ಬೆಂಗಳೂರು ಕೊರೆದರೆ ತುಮಕೂರಿಗೆ ಜಾಗ ಇಲ್ಲ. ಹುಬ್ಬಳ್ಳಿ-ಧಾರವಾಡ ಸೇರಿ ಒಂದೇ ತೂತು. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗೆ ಒಂದೊಂದು. ನನ್ನೂರು ಶಿರಸಿ ಹುಬ್ಬಳ್ಳಿಯಿಂದ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ ಇದೆ. ನನ್ನ ಗ್ಲೋಬ್‌ನಲ್ಲಿ ಅದಕ್ಕೆ 0.5ರ ಒಂದು ತೂತು ಕೊಟ್ಟಿದ್ದೇನೆ. ನಿಮ್ಮೂರಿಗೂ ಜಾಗ ಇದೆಯಾ ಅಳೆದು ನೋಡಿ.

ದಬ್ಬಣದ ಮೊನೆಯಿಂದ ಮೊದಲು ಚಿಕ್ಕ ಗುಳಿ ಮಾಡಿ. ಇಲ್ಲದಿದ್ದರೆ ಬಿಟ್ ಜಾರಿ ಚೆನ್ನೈ ಸಮುದ್ರಕ್ಕೆ ಹೋಗುತ್ತದೆ. ಬಿಟ್ ಗ್ಲೋಬ್‌ನ ನಡುಮಧ್ಯಕ್ಕೆ ನೇರವಾಗಿರಲಿ. ಒತ್ತಬೇಡಿ, ಸುಮ್ನೆ ತಿರುಗಿಸುತ್ತಾ ಹೋಗಿ. ಕರೆಂಟಿನ ಡ್ರಿಲ್ ವೇಗಕ್ಕೆ ಪ್ಲಾಸ್ಟಿಕ್ ಕರಗಿ ತೂತು ದೊಡ್ಡದಾಗುತ್ತದೆ. ಸೂಜಿ ಕಾಯಿಸಿ ಚುಚ್ಚುವುದು ಎಲ್ಲರಿಗೂ ಹೊಳೆಯುವ ಸುಲಭ ದಾರಿ. ಅದರಲ್ಲಿ ತೂತಿನ ಸುತ್ತ ಗಂಟು ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಮಕ್ಕಳ ಕೈಗಂತೂ ಕೊಡಬೇಡಿ.

ಈಜಿಪ್ಟ್‌ನಿಂದ ಶುರು ಮಾಡಿ. ಕೈ ಪಳಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆ ದೇಶದ ಬಹುಪಾಲು ಜನ ನೈಲ್ ದಂಡೆಯಲ್ಲೇ ಇದ್ದಾರೆ. ಅಸ್ವಾನ್‌ನಿಂದ ಕೈರೊವರೆಗೆ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ನದಿ ಹೋದಂತೆ ಬಾಗಿಸಿ 0.5ರ ಏಳೆಂಟು ತೂತು. ಕೈರೊಗೆ 1. ಅಲ್ಲಿಂದ ಮೇಲೆ ಬೀಸಣಿಗೆಯ ಹಾಗೆ ಅರ್ಧ ಸೆಂಟಿಮೀಟರಿನ ತ್ರಿಕೋನದಲ್ಲಿ ಐದಾರು. ಎಡ ಮೂಲೆಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ 0.8. ಎರಡೂ ಪಕ್ಕ ಏನನ್ನೂ ಮುಟ್ಟಬೇಡಿ.

ಆಮೇಲೆ ನಮ್ಮ ಗಂಗಾ ಬಯಲು. ದೆಹಲಿಯಿಂದ ಕೋಲ್ಕತ್ತಾಗೆ 3 ಸೆಂ.ಮೀ. ಇಲ್ಲಿ ಮೂರು ಸಾಲು ಬೇಕು. ಆದರೆ ಗೆರೆ ಹಾಕಿದ ಹಾಗೆ ಇರಬಾರದು, ಸಾಸಿವೆ ಚೆಲ್ಲಿದಂತಿರಲಿ. ಅದರ ಉತ್ತರಕ್ಕೆ ಬೆಳಕು ಥಟ್ಟನೆ ನಿಲ್ಲಬೇಕು. ಹಿಮಾಲಯ ಕಾಣುವುದೇ ಹಾಗೆ. ಪಶ್ಚಿಮಕ್ಕೆ ಭಾರತ-ಪಾಕಿಸ್ತಾನ ಗಡಿಯ ಫ್ಲಡ್‌ಲೈಟ್ ಸಾಲಿದೆ. ಗಗನಯಾತ್ರಿಗಳ ಫೋಟೋಗಳಲ್ಲಿ ಅದು ಕಿತ್ತಳೆ ಬಣ್ಣದ ಗೆರೆ. 0.5ರ ತೂತುಗಳನ್ನು ಸಾಲಾಗಿ ಕೊರೆದು, ಹೊರಮೈಯ ಬಣ್ಣವೂ ಮುಗಿದ ಮೇಲೆ ಒಳಗಿನಿಂದ ಕಿತ್ತಳೆ ಗ್ಲಾಸ್ ಕಲರ್‌ನ ಒಂದೊಂದು ಹನಿ ಇಡಿ. ಇಡೀ ಗ್ಲೋಬ್‌ನಲ್ಲಿ ಬೇರೆ ಬಣ್ಣ ಇರುವುದು ಅಲ್ಲಿ ಮಾತ್ರ ಇರಲಿ.

ದಕ್ಷಿಣ ಕೊರಿಯಾ ಒಂದು ದ್ವೀಪದ ಹಾಗೆ ಕಾಣಬೇಕು. ಉತ್ತರ ಕೊರಿಯಾ ಕತ್ತಲೆ, ಪ್ಯಾಂಗ್ಯಾಂಗ್‌ಗೆ ಒಂದೇ ತೂತು. ಜಪಾನಿನ ಸುತ್ತ ಸಮುದ್ರದಲ್ಲಿ ಬೆಳಕು ಕಂಡರೆ ಅದು ಮೀನು ಹಿಡಿಯುವ ದೋಣಿಗಳದ್ದು, ಬಿಟ್ಟುಬಿಡಿ. ಸಮುದ್ರದಲ್ಲಿ ಒಂದು ತೂತೂ ಬೇಡ. ಸೈಬೀರಿಯಾದಲ್ಲಿ ಮಾಸ್ಕೊದಿಂದ ವ್ಲಾಡಿವಾಸ್ಟಾಕ್‌ವರೆಗಿನ 9,289 ಕಿ.ಮೀ. ರೈಲು ದಾರಿಯ ಊರುಗಳು ಮಣಿಸರದ ಹಾಗೆ ಬರುತ್ತವೆ. ಇಲ್ಲಿ ಮಣಿಗಳು ದೂರ ದೂರ ಇರಲಿ. ಆಸ್ಟ್ರೇಲಿಯಾಕ್ಕೆ ಅಂಚು ಮಾತ್ರ. ಅಮೆರಿಕದ ಪೂರ್ವಾರ್ಧ ದಟ್ಟ, ಪಶ್ಚಿಮ ವಿರಳ. ಯುರೋಪ್ ತಾಳ್ಮೆ ಕೆಡಿಸುತ್ತದೆ, ಅದನ್ನು ಕೊನೆಯ ಸಂಜೆಗೆ ಇಟ್ಟುಕೊಳ್ಳಿ.

ಎಲ್ಲ ಆದ ಮೇಲೆ ಹೋಳನ್ನು ಮಗುಚಿ, ಪ್ರತಿ ತೂತಿನ ಒಳಬಾಯಿಗೆ 1.5ರ ಬಿಟ್ ಇಟ್ಟು ಎರಡೇ ಸುತ್ತು ತಿರುಗಿಸಿ. ಆಚೆ ತನಕ ಹೋಗಬಾರದು. ಒಳಬಾಯಿ ಅಗಲವಾದರೆ ಓರೆಯಿಂದ ನೋಡಿದರೂ ಬೆಳಕು ಕಾಣುತ್ತದೆ. ಬೇಸರದ ಕೆಲಸ, ಆದರೂ ಮಾಡಿ.

ಹೊರಮೈ

ಸಮುದ್ರಕ್ಕೆ ಕಡುನೀಲಿ, ನೆಲಕ್ಕೆ ಕಪ್ಪಿಗೆ ಚೂರು ಬಿಳಿ ಬೆರೆಸಿದ ಬೂದು. ಹಗಲಲ್ಲೂ ಖಂಡಗಳು ಗೊತ್ತಾಗುತ್ತವೆ. ಸ್ಪಂಜನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ, ಹೆಚ್ಚುಕಡಿಮೆ ಒಣಗಿದ ಸ್ಪಂಜಿನಿಂದ ತಟ್ಟಿ. ಬ್ರಶ್ ಆದರೆ ಬಣ್ಣ ತೂತಿನೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಸೂಜಿಯಿಂದ ಎಲ್ಲ ತೂತನ್ನೂ ಒಮ್ಮೆ ಬಿಡಿಸಿ. ಕೊನೆಗೆ ಒಳಗಿನಿಂದ ಫೆವಿಕಾಲ್ ತೆಳ್ಳಗೆ ಸವರಿ. ಒಣಗಿದಾಗ ಪಾರದರ್ಶಕ ಆಗುತ್ತದೆ, ದೂಳೂ ತುಂಬುವುದಿಲ್ಲ.

ಒಳಗಿನ ದೀಪ

ಝೀರೋ ಬಲ್ಬ್ ಹಾಕಬೇಡಿ. ಹೆಸರಿಗೆ ಝೀರೋ, ಹಳೇ ಫಿಲಮೆಂಟಿನದು ಸುಮಾರು 15 ವ್ಯಾಟ್ ಎಳೆಯುತ್ತದೆ. ಮೊದಲ ವರ್ಷದ ಶಿಬಿರದಲ್ಲಿ ಒಬ್ಬರು ಅದನ್ನೇ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ನೋಡಿದರೆ ಉತ್ತರ ಧ್ರುವ ಒಳಕ್ಕೆ ಕುಸಿದಿತ್ತು. 230 ವೋಲ್ಟಿನ ವೈರು ತೆಳು ಪ್ಲಾಸ್ಟಿಕ್ಕಿನೊಳಗೆ ಇರುವುದೂ ಕ್ಷೇಮವಲ್ಲ.

ಅರ್ಧ ಮೀಟರ್ ಯುಎಸ್‌ಬಿ ಎಲ್‌ಇಡಿ ಸ್ಟ್ರಿಪ್ ಅನ್ನು ನಡುವಿನ ಅಚ್ಚಿನ ಕೊಳವೆಗೆ ಸುತ್ತಿ, ವೈರನ್ನು ದಕ್ಷಿಣ ಧ್ರುವದ ತೂತಿನಿಂದ ಇಳಿಸಿ. 5 ವೋಲ್ಟ್, 2 ಆಂಪ್‌ನ ಫೋನ್ ಚಾರ್ಜರ್ ಸಾಕು. 'ವಾರ್ಮ್ ವೈಟ್' ಅಂತಲೇ ಕೇಳಿ. ರಿಮೋಟ್ ಒತ್ತಿದರೆ ಬಣ್ಣ ಬದಲಾಗುವ ಸ್ಟ್ರಿಪ್ ಬೇಡ. ಹಸಿರು ಯುರೋಪ್ ನೋಡಲು ಇಷ್ಟು ಕಷ್ಟಪಡಬೇಕಾಗಿಲ್ಲ. ಅಂಟಾರ್ಕ್ಟಿಕಾದಲ್ಲಿ, ಸ್ಟ್ಯಾಂಡ್ ಮರೆಮಾಡುವ ಕಡೆ, ಗಾಳಿಯಾಡಲು ನಾಲ್ಕು ದೊಡ್ಡ ತೂತು ಬಿಡಿ.

ಆನ್‌ಲೈನಿನಲ್ಲಿ ಸಿದ್ಧವಾಗಿ ಸಿಗುವ ಒಂದು ದೀಪವನ್ನು ನಾನೂ ತರಿಸಿ ನೋಡಿದ್ದೆ. ಬಿಳಿ ಚೆಂಡಿನ ಮೇಲೆ ರಾತ್ರಿಯ ಚಿತ್ರ ಮುದ್ರಿಸಿದ್ದರು, ಅಷ್ಟೇ. ಸ್ವಿಚ್ ಹಾಕಿದರೆ ಪೆಸಿಫಿಕ್ ಸಾಗರವೂ ಬೂದುಬಣ್ಣದಲ್ಲಿ ಹೊಳೆಯಿತು. ಕೊಳ್ಳುವುದಾದರೆ ಕತ್ತಲೆ ಕೋಣೆಯಲ್ಲಿ ತೆಗೆದ ಫೋಟೋ ಕೇಳಿ, ಸಮುದ್ರ ನೋಡಿ, ಆಮೇಲೆ ದುಡ್ಡು ಕೊಡಿ.

ಹೋಳುಗಳನ್ನು ಕೂಡಲೇ ಅಂಟಿಸಬೇಡಿ. ಸಮಭಾಜಕದ ಸುತ್ತ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ, ಒಂದು ವಾರ ರಾತ್ರಿ ಹೊತ್ತು ಹಚ್ಚಿ ನೋಡಿ. ತಪ್ಪು ಜಾಗದ ತೂತು ಕಣ್ಣಿಗೆ ಬೀಳುವುದು ಆಗಲೇ. ಅದಕ್ಕೆ ಒಳಗಿನಿಂದ ಚಿಟಿಕೆ ಎಂ-ಸೀಲ್ ಒತ್ತಿ, ಹೊರಗಿನಿಂದ ಬಣ್ಣ ಮುಟ್ಟಿಸಿ. ನನ್ನದರಲ್ಲಿ ಹನ್ನೊಂದು ತೂತು ಮುಚ್ಚಿದೆ. ಅದರಲ್ಲಿ ಏಳು ಸಹಾರಾದಲ್ಲಿದ್ದವು.