ಅರ್ಧ ಆಫೀಸಿಗೆ ನೆಟ್ ಇದೆ, ಅರ್ಧಕ್ಕೆ ಇಲ್ಲ ಅಂದ್ರೆ

ಇಂಥ ದೂರು ಬಂದ ಕೂಡಲೇ ಸುಮ್ನೆ ಸರ್ವರ್ ರೀಸ್ಟಾರ್ಟ್ ಮಾಡಬೇಡಿ. ಮೊದಲು ನೆಟ್ ಬರದ ಒಂದು ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್) ನೋಡಿ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ (ipconfig) ಕಮಾಂಡ್ ಕೊಟ್ಟರೆ ಸಾಕು.

ವಿಳಾಸ 169.254 ಎಂದು ಶುರುವಾದರೆ ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರವೇ ಬಂದಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ನಂಬರ್ ಕೊಟ್ಟುಕೊಂಡಿದೆ ಅಂತ ಅರ್ಥ. ಕೇಬಲ್ ನೋಡಿ, ನೆಟ್‌ವರ್ಕ್ ಸ್ವಿಚ್‌ನ (ಎಲ್ಲರ ಕೇಬಲ್ ಬಂದು ಸೇರುವ ಪೆಟ್ಟಿಗೆ) ಪೋರ್ಟ್ ನೋಡಿ. ಡಿಎಚ್‌ಸಿಪಿಯಲ್ಲಿ ಹಂಚಲು ವಿಳಾಸ ಉಳಿದಿದೆಯೇ ಅಂತಲೂ ನೋಡಿ.

8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹೋಗುತ್ತದೆ, ಅಂದ್ರೆ ಅಲ್ಲಿಂದ ಉತ್ತರ ಬರುತ್ತದೆ, ವೆಬ್‌ಸೈಟ್ ಹೆಸರು ಹಾಕಿದರೆ ಮಾತ್ರ ತೆರೆಯುವುದಿಲ್ಲ ಅಂದ್ರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಡೆ ನೋಡಿ.

ಜಾಸ್ತಿ ತಲೆ ತಿನ್ನುವುದು ಇನ್ನೊಂದಿದೆ. ನಿಮ್ಮ ಆಫೀಸಿನ ವಿಳಾಸಗಳೆಲ್ಲ 10ರಿಂದ ಶುರುವಾಗಬೇಕು, ಆದರೆ ಕೆಲವು ಕಂಪ್ಯೂಟರ್‌ಗಳು 192.168.0 ಅಂತ ತೋರಿಸುತ್ತಿವೆ. ಹಾಗಿದ್ದರೆ ಯಾರೋ ವೈಫೈ ಸಾಲದು ಅಂತ ಮನೆಯ ರೂಟರ್ ತಂದು ಸಿಕ್ಕಿಸಿರಬಹುದು. ಅದರ ಲ್ಯಾನ್ ಪೋರ್ಟಿಗೆ ಆಫೀಸಿನ ಕೇಬಲ್ ಹಾಕಿದರೆ ಅದೂ ವಿಳಾಸ ಹಂಚತೊಡಗುತ್ತದೆ. ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಟ್ಟರೋ ಅವರದ್ದೇ ಗೆಲುವು! ಒಮ್ಮೆ ನಾನು ಇದಕ್ಕೇ ಇಡೀ ದಿನ ಕಳೆದಿದ್ದೇನೆ. ರೂಟರ್ ಸಿಕ್ಕಿದ್ದು ಪ್ರಿಂಟರ್ ಹಿಂದೆ.

ಮೇಜಿನ ಕೆಳಗೆಲ್ಲ ತೂರಿ ಹುಡುಕುವ ಬದಲು, 192.168.0 ತೋರಿಸುವ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ಗೇಟ್‌ವೇಯ, ಅಂದ್ರೆ ಇಲ್ಲಿ ಆ ರೂಟರಿನ, ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ನಂಬರ್) ನೋಡಿಕೊಳ್ಳಿ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಇದ್ದರೆ ಅದರ ಮ್ಯಾಕ್ ಟೇಬಲ್ ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ಹೇಳಿಬಿಡುತ್ತದೆ. ಆಮೇಲೆ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಟ್ರಸ್ಟೆಡ್ ಅಲ್ಲದ ಪೋರ್ಟಿನಿಂದ ವಿಳಾಸ ಹಂಚುವುದನ್ನು ತಡೆಯುವ ಸೌಲಭ್ಯ) ಆನ್ ಮಾಡಿ. ಅಸಲಿ ಸರ್ವರ್ ಇರುವ ಪೋರ್ಟನ್ನು ಟ್ರಸ್ಟೆಡ್ ಅಂತ ಗುರುತಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಯಾರಿಗೂ ಹೊಸ ವಿಳಾಸ ಸಿಗುವುದಿಲ್ಲ.